ಬೀಜ ಗಲಗಲ ಅನ್ನಬೇಕು

ಊರಿನ ಗೇರುಬೀಜ ನಮಗೆ ಫೆಬ್ರವರಿಯಿಂದ ಮೇ ತನಕ ಸಿಗುತ್ತದೆ. ಮಳೆ ಬರುವ ಮೊದಲು ಒಣಗಿಸಿ ಗೋದಾಮಿಗೆ ಹಾಕುತ್ತೇವೆ. ಎಷ್ಟೇ ಹಿಡಿತದಿಂದ ಖರ್ಚು ಮಾಡಿದರೂ ದೀಪಾವಳಿ ಹೊತ್ತಿಗೆ ಗೋದಾಮಿನ ನೆಲ ಕಾಣಿಸುತ್ತದೆ. ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಫ್ಯಾಕ್ಟರಿ. ಅರುವತ್ತು ಜನ ಹೆಂಗಸರು ಕೆಲಸಕ್ಕೆ ಬರುತ್ತಾರೆ. ನವೆಂಬರ್‌ನಿಂದ ಮುಂದಿನ ಫೆಬ್ರವರಿವರೆಗೆ ಅವರ ಕೈಗೆ ಕೆಲಸ ಕೊಡುವುದು ಆಫ್ರಿಕಾದ ಬೀಜ. ಕರಾವಳಿಯ ಹೆಚ್ಚಿನ ಗೇರುಬೀಜ ಫ್ಯಾಕ್ಟರಿಗಳ ಕಥೆ ಹೀಗೇ. ಊರಿನ ಬೆಳೆ ಸಾಲುವುದಿಲ್ಲ.

ಆಫ್ರಿಕಾ ಅಂದರೆ ಒಂದೇ ಅಲ್ಲ. ಪಶ್ಚಿಮದ ಐವರಿ ಕೋಸ್ಟ್, ಘಾನಾ, ಬೆನಿನ್ ಬೀಜ ಹೆಚ್ಚುಕಡಿಮೆ ನಮ್ಮ ಬೀಜದ ಹೊತ್ತಿಗೇ ಬರುತ್ತದೆ. ತಾಂಜಾನಿಯಾದ್ದು ಹಾಗಲ್ಲ. ಅಲ್ಲಿ ಕೊಯ್ಲು ಅಕ್ಟೋಬರ್‌ನಿಂದ ಜನವರಿವರೆಗೆ. ನಮ್ಮ ಗೋದಾಮು ಖಾಲಿಯಾಗುವ ಹೊತ್ತಿಗೆ ಅವರ ಮರದ ಬೀಜ ನೆಲಕ್ಕೆ ಬೀಳುತ್ತದೆ. ಈ ವ್ಯಾಪಾರ ನಿಂತಿರುವುದೇ ಈ ಒಂದು ಲೆಕ್ಕದ ಮೇಲೆ.

ಇಷ್ಟು ವರ್ಷ ನಾವು ಮಂಗಳೂರಿನ ಆಮದುದಾರರಿಂದ ಮೂಟೆ ಲೆಕ್ಕದಲ್ಲಿ ಕೊಳ್ಳುತ್ತಿದ್ದೆವು. 2022ರಲ್ಲಿ ಒಂದು ಲೋಡ್, 2023ರಲ್ಲಿ ಎರಡು ಲೋಡ್ ತೇವದ ಬೀಜ ಬಂತು. ಒಡೆದರೆ ತಿರುಳಿನ ಮೇಲೆ ಕಪ್ಪು ಚುಕ್ಕೆ. ಯಾರನ್ನು ಕೇಳಿದರೂ ಅದು ತಮ್ಮ ಹಿಂದಿನವರ ತಪ್ಪು ಅನ್ನುತ್ತಿದ್ದರು. ಕೊನೆಗೆ ನಮ್ಮಂಥದೇ ಇನ್ನೆರಡು ಫ್ಯಾಕ್ಟರಿಯವರು ಸೇರಿ, ಈ ಸಲ ನೇರವಾಗಿ ತರಿಸೋಣ ಅಂತ ತೀರ್ಮಾನಿಸಿದೆವು. "ನೀನೇ ಹೋಗಿ ಕಣ್ಣಾರೆ ನೋಡಿ ಬಾ ಮಗಳೇ. ಕಾಗದದಲ್ಲಿ ಬರುವ ನಂಬರ್ ಬೇರೆ, ಬೀಜ ಬೇರೆ" ಅಂದರು ಅಪ್ಪ. ಹಾಗೆ 2024ರ ನವೆಂಬರ್‌ನಲ್ಲಿ ನಾನು ಹೊರಟೆ.

ಮುಂಬೈಯಿಂದ ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಸುಮಾರು ಆರು ಗಂಟೆಯ ವಿಮಾನ. ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ ಇಟ್ಟುಕೊಂಡೆ. ನಾವು ಗೊತ್ತುಮಾಡಿಕೊಂಡಿದ್ದ ವ್ಯಾಪಾರಿಯವರ ಮುತ್ತಜ್ಜ ಕಚ್ಛ್‌ನಿಂದ ಹೋದವರು. ಅವರಿಗೆ ಸ್ವಾಹಿಲಿ, ಗುಜರಾತಿ, ಇಂಗ್ಲಿಷ್ ಮೂರೂ ಮನೆಮಾತು. ಗೇರುಬೀಜ ಕೊಳ್ಳಲು ಅಲ್ಲಿಯ ಗೇರು ಮಂಡಳಿಯ ಲೈಸನ್ಸ್ ಬೇಕು, ಮೊದಲೇ ಠೇವಣಿ ಇಡಬೇಕು. ನಮ್ಮಂಥ ಸಣ್ಣವರಿಗೆ ಅದು ಆಗದ ಮಾತು. ಹಾಗಾಗಿ ಹರಾಜಿನಲ್ಲಿ ಕೂಗುವುದು ಅವರು, ಅವರಿಂದ ಕೊಳ್ಳುವುದು ನಾವು ಅಂತ ಮಾತಾಗಿತ್ತು.

ಅವರ ಕಚೇರಿಯಲ್ಲಿ ಕೂತಿದ್ದಾಗಲೇ ಭಾಷೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಿತು. ದುಡ್ಡಿಗೆ ಸ್ವಾಹಿಲಿಯಲ್ಲಿ ಪೆಸಾ. ಒಂದು ಲಕ್ಷಕ್ಕೆ ಲಾಕಿ. ವಾಹನಕ್ಕೆ ಗಾರಿ. ವಿಮೆಗೆ ಬೀಮ. ಊಟಕ್ಕೆ ಚಪಾತಿ, ಪಕ್ಕದಲ್ಲಿ ಈರುಳ್ಳಿ ಟೊಮೆಟೊದ ಕಚುಂಬಾರಿ. ಬೀದಿಯ ಆಟೋಗೆ ಬಜಾಜಿ ಅಂತಾರೆ. ಯಾವ ಕಂಪನಿಯದಾದರೂ ಸರಿ, ಬಜಾಜಿಯೇ. ಹಾಯಿಹಡಗಿನ ಕಾಲದಿಂದ ನಮ್ಮ ಪಡುವಣ ಕಡಲಿನವರು ಈ ದಡಕ್ಕೆ ಹೋಗಿ ಬರುತ್ತಿದ್ದರು ಅಂತ ಶಾಲೆಯಲ್ಲಿ ಓದಿದ್ದೆ. ಅದು ಹೀಗೆ ದಿನದ ಮಾತಿನಲ್ಲಿ ಉಳಿದಿರುತ್ತದೆ ಅಂತ ಅಂದುಕೊಂಡಿರಲಿಲ್ಲ. ಜರ್ಮನ್ನರು ಆಳುತ್ತಿದ್ದಾಗ ಇಲ್ಲಿಯ ನಾಣ್ಯದ ಹೆಸರೇ ರೂಪಿ. ಗೇರುಮರವೂ ಅಷ್ಟೇ, ನಮ್ಮದೂ ಅಲ್ಲ ಅವರದೂ ಅಲ್ಲ. ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದು ಎರಡೂ ದಡದಲ್ಲಿ ನೆಟ್ಟರು. ಗೇರುಹಣ್ಣಿನಿಂದ ಮಾಡುವ ಮದ್ಯಕ್ಕೆ ಗೋವಾದಲ್ಲಿ ಉರ್ರಾಕ್ ಅಂತಾರಲ್ವಾ, ಇವರ ದಕ್ಷಿಣದಲ್ಲಿ ಅದಕ್ಕೆ ಉರಾಕ.

ದಾರ್‌ನಿಂದ ದಕ್ಷಿಣಕ್ಕೆ ಮ್‌ಟ್ವಾರಾ. ಬಾಯಿ ಮುಚ್ಚಿಕೊಂಡು ಮ್ ಅಂದು, ಆಮೇಲೆ ಟ್ವಾರಾ ಅನ್ನಬೇಕು. 560 ಕಿಲೋಮೀಟರ್ ಆಸುಪಾಸು. ರುಫಿಜಿ ನದಿ ದಾಟಿ, ಲಿಂಡಿ ದಾಟಿ ಹೋಗಬೇಕು. ವಿಮಾನವಿದ್ದರೂ ನಾನು ರಸ್ತೆಯಲ್ಲೇ ಹೋದೆ. ಲಿಂಡಿ ಹತ್ತಿರ ಬಂದಂತೆ ರಸ್ತೆಯ ಎರಡೂ ಬದಿ ಗೇರುಮರ. ನಮ್ಮಲ್ಲಿ ಗುಡ್ಡದ ಇಳಿಜಾರಿನಲ್ಲಿ, ಮುಳ್ಳುಗಿಡಗಳ ನಡುವೆ ಗೇರು ಇರುತ್ತದೆ. ಅಲ್ಲಿ ಮರಳು ಮಣ್ಣಿನ ಬಯಲಿನಲ್ಲಿ ಹರಡಿಕೊಂಡ ದೊಡ್ಡ ಮರಗಳು. ಬುಡ ಗುಡಿಸಿ ಅಂಗಳದ ಹಾಗೆ ಇಟ್ಟಿದ್ದರು.

ಮ್‌ಟ್ವಾರಾದ ಬಂದರಿಗೆ ಒಂದು ಹಳೆಯ ಕಥೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರಿಗೆ ಅಡುಗೆ ಎಣ್ಣೆಯ ಅಭಾವ. 1947ರಲ್ಲಿ ಇಲ್ಲಿ ಲಕ್ಷಗಟ್ಟಲೆ ಎಕರೆ ನೆಲಗಡಲೆ ಬೆಳೆಯಲು ಹೊರಟರು. ಅದನ್ನು ಸಾಗಿಸಲು ಈ ಬಂದರು. ಮಣ್ಣೂ ಮಳೆಯೂ ಒಪ್ಪಲಿಲ್ಲ, 1951ರಲ್ಲಿ ಕೈಬಿಟ್ಟರು. ಬಂದರು ಮಾತ್ರ ಉಳಿಯಿತು. ಯಾರೂ ಯೋಜನೆ ಹಾಕದೆ ರೈತರು ತಾವಾಗಿ ಬೆಳೆಸಿಕೊಂಡು ಬಂದ ಗೇರು ಈಗ ಅದೇ ಬಂದರಿನಿಂದ ಹೋಗುತ್ತದೆ. ಹಿಂದೆ ಬೀಜವನ್ನು ಲಾರಿಯಲ್ಲಿ ದಾರ್ ತನಕ ಒಯ್ಯುತ್ತಿದ್ದರು. ಈಗ ಮ್‌ಟ್ವಾರಾದಿಂದಲೇ ಹಡಗು ಹತ್ತಿಸಬೇಕು ಅಂತ ಸರ್ಕಾರ ಹೇಳಿದೆ. ನಮಗೂ ಅದು ಒಳ್ಳೆಯದೇ. ಮೂಟೆ ಏರಿಳಿಸುವುದು ಒಂದು ಸಲ ಕಡಿಮೆಯಾಗುತ್ತದೆ.

ಮಾರನೆಯ ದಿನ ನೆವಾಲಕ್ಕೆ ಹೋದೆವು. ಮಕೊಂಡೆ ಜನರ ಎತ್ತರದ ನಾಡು ಅದು. ಊರ ಅಂಚಿನಲ್ಲಿ ನಿಂತರೆ ಕೆಳಗೆ ರುವುಮಾ ನದಿಯ ಕಣಿವೆ, ಆಚೆ ಮೊಜಾಂಬಿಕ್. ಆ ಕಮರಿಗೆ ಅವರು ದೇವರ ಗುಂಡಿ ಅನ್ನುತ್ತಾರೆ. ನೀರಿಗೆ ಬಹಳ ಕಷ್ಟದ ಜಾಗ. ಆದರೆ ಗೇರುಬೀಜ ಒಣಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅಲ್ಲಿ ಒಬ್ಬರು ಅಜ್ಜಿಯ ಅಂಗಳದಲ್ಲಿ ನಾನು ಅರ್ಧ ದಿನ ಕಳೆದೆ. ಹಿರಿಯರನ್ನು ಕಂಡರೆ "ಶಿಕಮೂ" ಅನ್ನಬೇಕು, ಅವರು "ಮರಹಬಾ" ಅಂತಾರೆ. ನಮ್ಮಲ್ಲಿ ಕಾಲು ಮುಟ್ಟಿದ ಹಾಗೆ. ಅಜ್ಜಿಯನ್ನು ಎಲ್ಲರೂ ಬೀಬಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ದಾದಾ ಅಂದರು. ಸ್ವಾಹಿಲಿಯಲ್ಲಿ ದಾದಾ ಅಂದರೆ ಅಕ್ಕ. ವ್ಯಾಪಾರಿಯವರ ಗುಮಾಸ್ತ ಹುಡುಗ ಮಾತು ತಿರುಗಿಸಿ ಹೇಳುತ್ತಿದ್ದ.

ಬೀಬಿ ಹಣ್ಣು ಕೀಳುವುದಿಲ್ಲ. ಬಿದ್ದದ್ದನ್ನು ಹೆಕ್ಕುತ್ತಾರೆ, ತಿರುಚಿ ಬೀಜ ಬೇರೆ ಮಾಡುತ್ತಾರೆ, ಚಾಪೆಯ ಮೇಲೆ ಹರಡುತ್ತಾರೆ. ದಿನಕ್ಕೆ ಎರಡು ಮೂರು ಸಲ ಕಾಲಿನಿಂದ ಕದಡುತ್ತಾರೆ. ಸಂಜೆ ಒಟ್ಟುಮಾಡಿ ಮುಚ್ಚುತ್ತಾರೆ, ಬೆಳಿಗ್ಗೆ ಮತ್ತೆ ಹರಡುತ್ತಾರೆ. ಮೂರು ದಿನ ಬಿಸಿಲು. ಒಣಗಿದೆಯೇ ಅಂತ ಹೇಗೆ ಗೊತ್ತು ಅಂತ ಕೇಳಿದೆ. ಅವರು ಒಂದು ಹಿಡಿ ಬೀಜ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಲಗಲ ಅಂತು. ಇನ್ನೊಂದು ಚಾಪೆಯಿಂದ ಒಂದು ಹಿಡಿ ಎತ್ತಿ ಅಲ್ಲಾಡಿಸಿದರು. ಸದ್ದು ಮಂಕಾಗಿತ್ತು. "ಬಾದೋ" ಅಂದರು. ಇನ್ನೂ ಇಲ್ಲ ಅಂತ ಅರ್ಥ.

ನನಗೆ ಮೈ ಜುಮ್ಮೆಂದಿತು. ನಮ್ಮ ಕಟಿಂಗ್ ವಿಭಾಗದಲ್ಲಿ ಮೂವತ್ತು ವರ್ಷದಿಂದ ಇರುವ ಅಕ್ಕ ಮೂಟೆ ಬಿಚ್ಚಿದ ಕೂಡಲೇ ಮಾಡುವುದೂ ಇದನ್ನೇ. ಒಂದು ಹಿಡಿ ಎತ್ತಿ ಕಿವಿಗೆ ಹಿಡಿಯುತ್ತಾರೆ. ಒಣಗಿದ ಬೀಜದಲ್ಲಿ ತಿರುಳು ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಂಡಿರುತ್ತದೆ, ಅದಕ್ಕೇ ಆ ಸದ್ದು. ಹಸಿ ಇದ್ದರೆ ಅಂಟಿಕೊಂಡಿರುತ್ತದೆ. ನಾವು ಡಾಲರು ಕೊಟ್ಟು ಕೊಳ್ಳುವುದು ಈ ಮೂರು ದಿನದ ಬಿಸಿಲನ್ನು, ಬೀಬಿಯ ಕಾಲು ಕದಡಿದ್ದನ್ನು. ಅಲ್ಲಿಂದ ಕಾರ್ಕಳದ ತನಕ ಉಳಿದವರೆಲ್ಲ ಮಾಡಬೇಕಾದ್ದು ಒಂದೇ, ಆ ಒಣಗನ್ನು ಕಾಪಾಡುವುದು. ಹಿಂದಿನ ಎರಡು ವರ್ಷ ನಮಗೆ ಬಂದ ಕಪ್ಪು ಚುಕ್ಕೆಗೆ ರೈತರೇ ಕಾರಣ ಅಂತ ನಾನೂ ನಂಬಿದ್ದೆ. ಅವತ್ತು ಅದು ಬಿಟ್ಟುಹೋಯಿತು.

ಬೀಬಿಯ ಗಂಡ ಸುಮ್ನೆ ಕೂತಿದ್ದವರು, ನಾನು ಇಂಡಿಯಾದವಳು ಅಂತ ತಿಳಿದ ಮೇಲೆ ಒಂದು ಪ್ರಶ್ನೆ ಕೇಳಿದರು. "ನಿಮ್ಮವರು ಆ ವರ್ಷ ನಮ್ಮ ಎಂಬಾಜಿ ಯಾಕೆ ಬೇಡ ಅಂದರು?"

ಎಂಬಾಜಿ ಅಂದರೆ ತೊಗರಿ. ಆ ಕಡೆ ಮರಗೆಣಸಿನ ಜೊತೆ ತೊಗರಿ ಹಾಕುತ್ತಾರೆ. ಅವರು ತಿನ್ನುವುದು ಕಡಿಮೆ, ಹೆಚ್ಚಿನದೆಲ್ಲ ನಮ್ಮ ದೇಶಕ್ಕೆ. ಅವರು ಕೇಳುತ್ತಿದ್ದದ್ದು 2017ರ ಬಗ್ಗೆ. ಆ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಅಂತ ಮಿತಿ ಹಾಕಿತು. ಇವರ ಬೆಳೆ ಆಗಲೇ ಹೊಲದಲ್ಲಿತ್ತು. ಬೆಲೆ ಬಿದ್ದುಹೋಯಿತು. ಕೆಲವರು ಕೊಯ್ಯಲೇ ಇಲ್ಲವಂತೆ.

ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ನಮ್ಮ ರಾಜ್ಯದ ಉತ್ತರದಲ್ಲಿ ಕಲಬುರಗಿ ಅಂತ ಇದೆ. ಅಲ್ಲಿಯ ರೈತರೂ ತೊಗರಿ ನಂಬಿ ಬದುಕುವವರು. ಅದರ ಹಿಂದಿನ ವರ್ಷ ಬೆಳೆ ವಿಪರೀತ ಚೆನ್ನಾಗಿ ಬಂತು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗಲಿಲ್ಲ. ಖರೀದಿ ಕೇಂದ್ರದ ಮುಂದೆ ರೈತರು ಚೀಲ ಇಟ್ಟುಕೊಂಡು ಕಾದರು. ಅವರಿಗಾಗಿ ಬಾಗಿಲು ಹಾಕಿದರು ಅಂದೆ. ಅಜ್ಜ ಪೂರಾ ಕೇಳಿಸಿಕೊಂಡು ತಲೆಯಾಡಿಸಿದರು. "ಅವರೂ ರೈತರೇ. ಆದರೆ ಬಿತ್ತುವ ಮೊದಲು ಹೇಳಬೇಕಿತ್ತು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತು ಸರಿ. 2021ರಿಂದ ಮತ್ತೆ ಬಾಗಿಲು ತೆರೆದಿದೆ, ಆದರೆ ಪ್ರತಿ ಸಲ ಇಂತಿಷ್ಟು ದಿನ ಅಂತ ಗಡುವು ಹಾಕಿ ಮುಂದೂಡುತ್ತಾರೆ. ಹೊಲದಲ್ಲಿ ಆರೇಳು ತಿಂಗಳು ನಿಲ್ಲುವ ಬೆಳೆಗೆ ಆ ಗಡುವು ಎಲ್ಲಿ ಸಾಕಾಗುತ್ತದೆ?

ಹರಾಜು ಶುಕ್ರವಾರ ಇತ್ತು. "ಸಾ ನ್ನೆ" ಅಂದಿದ್ದರು. ಸಾ ನ್ನೆ ಅಂದರೆ ನಾಲ್ಕು ಗಂಟೆ, ಆದರೆ ಅದು ನಮ್ಮ ಹತ್ತು ಗಂಟೆ. ಅವರು ಸೂರ್ಯ ಹುಟ್ಟಿದ ಮೇಲೆ ಎಷ್ಟು ಹೊತ್ತಾಯಿತು ಅಂತ ಎಣಿಸುತ್ತಾರೆ. ನಮ್ಮ ಅಜ್ಜಿಯೂ ಗಳಿಗೆ ಲೆಕ್ಕ ಹಾಗೇ ಹೇಳುತ್ತಿದ್ದರು.

ಹರಾಜಿನ ವ್ಯವಸ್ಥೆ ಹೀಗೆ. ರೈತರು ಒಣಗಿದ ಬೀಜವನ್ನು ಊರಿನ ಸಹಕಾರ ಸಂಘಕ್ಕೆ ತರುತ್ತಾರೆ. ಅಲ್ಲಿ ತೂಕ, ದರ್ಜೆ, ರಸೀದಿ. ಸಂಘದಿಂದ ದೊಡ್ಡ ಗೋದಾಮಿಗೆ ಹೋಗುತ್ತದೆ. ಯಾವ ಗೋದಾಮಿನಲ್ಲಿ ಎಷ್ಟು ಟನ್, ಯಾವ ದರ್ಜೆ ಅಂತ ಪಟ್ಟಿ ಹೊರಡುತ್ತದೆ. ಕೊಳ್ಳುವವರು ಗೋದಾಮಿಗೆ ಹೋಗಿ ಮಾದರಿ ನೋಡಬಹುದು. ಈ ಗೋದಾಮು ರಸೀದಿ ಪದ್ಧತಿ 2007ರ ಹಂಗಾಮಿನಿಂದ ಇದೆ. ಹರಾಜು ಮಾತ್ರ ಈಗ ದೇಶದ ಸರಕು ವಿನಿಮಯ ಕೇಂದ್ರದ ಮೂಲಕ ಆನ್‌ಲೈನ್ ಆಗಿದೆ. ಕೊಳ್ಳುವವರು ಎಲ್ಲಿಂದಲೋ ಬೆಲೆ ಹಾಕುತ್ತಾರೆ, ಹಳ್ಳಿಯ ಬಯಲಿನಲ್ಲಿ ಪರದೆಯ ಮೇಲೆ ಅದು ಕಾಣಿಸುತ್ತದೆ. ರೈತರು ಮಾವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾರೆ. ಬೆಲೆ ಓದಿದ ಮೇಲೆ ಒಪ್ಪಿಗೆಯೇ ಅಂತ ಅವರನ್ನು ಕೇಳುತ್ತಾರೆ. ಬೇಡ ಅಂದರೆ ಬೇಡ.

ಕೊಳ್ಳುವವರ ಕಡೆಯವರು ಈ ಪದ್ಧತಿಯನ್ನು ಬೈಯುವುದನ್ನು ಬಹಳ ಕೇಳಿದ್ದೇನೆ. ತಡ, ಕಾಗದ ಪತ್ರ, ಸರ್ಕಾರದ ಕೈ ಜಾಸ್ತಿ ಅಂತ. ನಾನು ಆ ಮರದ ಕೆಳಗೆ ಕೂತು ನೋಡಿದ ಮೇಲೆ ಹಾಗೆ ಅನ್ನಲಾರೆ. ಹಿಂದೆ ದಲ್ಲಾಳಿಗಳು ಹಸಿದ ತಿಂಗಳಲ್ಲಿ ಬಂದು ಮರದಲ್ಲಿರುವ ಬೀಜಕ್ಕೇ ಮುಂಗಡ ಕೊಟ್ಟು, ಕಂಗೊಂಬ ಅನ್ನುವ ಬಟ್ಟಲಿನಿಂದ ಅಳೆದು ಒಯ್ಯುತ್ತಿದ್ದರಂತೆ. ಈಗಲೂ ಕದ್ದು ನಡೆಯುತ್ತದೆ. ಅದಕ್ಕೆ ಹೋಲಿಸಿದರೆ ಪರದೆಯ ಮೇಲಿನ ಬೆಲೆ ಎಲ್ಲರ ಕಣ್ಣ ಮುಂದೆ ಇರುತ್ತದೆ. ಸಂಘದ ಖರ್ಚು, ಸಾಗಣೆ, ತೆರಿಗೆ ಅಂತ ಕಳೆದು ಉಳಿದದ್ದು ರೈತನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಕಳೆಯುವುದು ಬಹಳ ಆಯ್ತು ಅಂತ ರೈತರ ದೂರು ಇದೆ. ಅದು ನ್ಯಾಯವಾದ ದೂರೇ.

ಒಪ್ಪದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 2018 ನಮ್ಮ ಮನೆಯಲ್ಲೂ ನೆನಪಿದೆ. ಆ ವರ್ಷ ಹರಾಜಿನ ಬೆಲೆ ತೀರಾ ಕಡಿಮೆ ಅಂತ ರೈತರು ಕೊಡಲಿಲ್ಲ. ಆಗಿನ ಅಧ್ಯಕ್ಷ ಜಾನ್ ಮಗುಫುಲಿ ಸೈನ್ಯದ ಲಾರಿಗಳನ್ನು ಕಳಿಸಿ, ಕಿಲೋಗೆ 3,300 ಶಿಲ್ಲಿಂಗ್‌ನಂತೆ ಸರ್ಕಾರವೇ ಕೊಳ್ಳುತ್ತದೆ ಅಂದರು. ಇಲ್ಲಿ ನಮಗೆ ಬರಬೇಕಿದ್ದ ಬೀಜ ಬರಲಿಲ್ಲ. ಅಪ್ಪ ಐದು ವಾರ ಫ್ಯಾಕ್ಟರಿ ಮುಚ್ಚಿದರು. ಹೆಂಗಸರು ಬೀಡಿ ಕಟ್ಟಲು ಹೋದರು. ಅಂದು ಮ್‌ಟ್ವಾರಾದ ರೈತರು ಬೆಲೆ ಬೇಡ ಅಂದದ್ದು ಕಾರ್ಕಳದ ಒಲೆಗೆ ತಾಗಿತ್ತು. ಯಾರದ್ದೂ ತಪ್ಪಿರಲಿಲ್ಲ.

2024ರ ಮೊದಲ ಹರಾಜಿನಲ್ಲಿ ಬೆಲೆ ಕಿಲೋಗೆ 4,000 ಶಿಲ್ಲಿಂಗ್ ದಾಟಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 125 ರೂಪಾಯಿ. ನಾನು ಹೋಗುವ ಹೊತ್ತಿಗೆ ಇಳಿಯುತ್ತಿತ್ತು. ಆ ಹಂಗಾಮಿನಲ್ಲಿ ದೇಶದ ಬೆಳೆ 5 ಲಕ್ಷ ಟನ್ ದಾಟಿತು, ಅಷ್ಟು ಹಿಂದೆಂದೂ ಬಂದಿರಲಿಲ್ಲ. ಇದೇ ನಾಡಿನಲ್ಲಿ 1973-74ರಲ್ಲಿ 1,45,000 ಟನ್ ಇದ್ದದ್ದು 1986-87ಕ್ಕೆ 16,500 ಟನ್ನಿಗೆ ಕುಸಿದಿತ್ತು. ಜನರನ್ನು ಹೊಸ ಹಳ್ಳಿಗಳಿಗೆ ಎಬ್ಬಿಸಿ ಮರಗಳಿಂದ ದೂರ ಮಾಡಿದ್ದರು, ಬೆಲೆ ಇರಲಿಲ್ಲ, ಮೇಲೆ ಬೂದಿ ರೋಗ. ಮ್‌ಟ್ವಾರಾದ ಪಕ್ಕದ ನಲಿಯೆಂದೆಲೆ ಸಂಶೋಧನಾ ಕೇಂದ್ರದವರು ಒಳ್ಳೆಯ ತಳಿ ಕೊಟ್ಟು, ಗಂಧಕ ಹೊಡೆಯುವುದನ್ನು ಕಲಿಸಿ ಎಬ್ಬಿಸಿ ನಿಲ್ಲಿಸಿದ್ದಾರೆ. ನಮ್ಮ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಇದ್ದ ಹಾಗೆ.

ಹರಾಜಿಗೆ ಮೊದಲೇ ಗೋದಾಮಿನಲ್ಲಿ ನಾನು ಮಾದರಿ ಒಡೆದು ನೋಡಿದ್ದೆ. ಇಡೀ ಪ್ರಯಾಣದಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಇದೊಂದೇ. ಮೂಟೆ ಬಿಚ್ಚಿ ಮೇಲಿಂದ, ನಡುವಿನಿಂದ, ಬುಡದಿಂದ ಒಂದೊಂದು ಹಿಡಿ. ಅಟ್ಟಿಯ ಹೊರಗಿನ ಮೂಟೆ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ, ಒಳಗಿನದನ್ನೂ ಎಳೆಸಬೇಕು. ಎಲ್ಲ ಸೇರಿಸಿ ಕದಡಿ ಒಂದು ಕಿಲೋ ತೂಗಿದೆ. ಎಣಿಸಿದರೆ 196 ಬೀಜ. ಸಂಖ್ಯೆ ಕಡಿಮೆಯಿದ್ದಷ್ಟು ಬೀಜ ದಪ್ಪ. ಆಮೇಲೆ ಅಡಕತ್ತರಿಯಂಥ ಕತ್ತರಿಯಲ್ಲಿ ಒಂದೊಂದನ್ನೇ ಸೀಳಬೇಕು. ಒಳ್ಳೆಯದು ಒಂದು ಕಡೆ, ಚುಕ್ಕೆ ಇದ್ದದ್ದು ಒಂದು ಕಡೆ, ಎಳಸು, ಪೊಳ್ಳು, ಬೂಸ್ಟು ಹಿಡಿದದ್ದು ಇನ್ನೊಂದು ಕಡೆ. ಚುಕ್ಕೆಯದನ್ನು ಅರ್ಧ ಲೆಕ್ಕ ಹಿಡಿಯುತ್ತಾರೆ. ನನಗೆ ಒಳ್ಳೆಯ ತಿರುಳು 291 ಗ್ರಾಂ, ಚುಕ್ಕೆಯದು 10 ಗ್ರಾಂ ಬಂತು.

ಈ ವ್ಯಾಪಾರದ ಭಾಷೆ ಔಟ್‌ಟರ್ನ್. 80 ಕಿಲೋ ಮೂಟೆಯಿಂದ ಎಷ್ಟು ಪೌಂಡ್ ತಿರುಳು ಬರುತ್ತದೆ ಅನ್ನುವುದು. ಒಂದು ಕಿಲೋದಲ್ಲಿ 283 ಗ್ರಾಂ ಸಿಕ್ಕರೆ ಅದು 50 ಪೌಂಡಿನ ಬೀಜ. ನಂದು 296 ಗ್ರಾಂ, ಅಂದರೆ 52. ತೇವಾಂಶದ ಮಾಪಕದಲ್ಲಿ 8.6. ಹತ್ತರ ಒಳಗಿದ್ದರೆ ಸಾಕು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅಲ್ಲಾಡಿಸಿ ನೋಡಿದೆಯಾ?" ಅಂದರು.

ನಮ್ಮದು 600 ಮೂಟೆ, 48 ಟನ್. 50 ಪೌಂಡಿನ ಔಟ್‌ಟರ್ನ್ ಲೆಕ್ಕಕ್ಕೆ ಬೆಲೆ, ಕಡಿಮೆ ಬಂದಷ್ಟು ಪರಿಹಾರ, 47ಕ್ಕಿಂತ ಕೆಳಗೆ ಹೋದರೆ ವಾಪಸ್ ಅಂತ ಒಪ್ಪಂದ. ಸುಲಿಯದ ಬೀಜ ಹೊರಗೆ ಕಳಿಸಲು ಅಲ್ಲಿ ರಫ್ತು ಸುಂಕ ಇದೆ, ಬೆಲೆಯ ನೂರಕ್ಕೆ 15 ಅಥವಾ ಟನ್ನಿಗೆ 160 ಡಾಲರ್, ಯಾವುದು ಜಾಸ್ತಿಯೋ ಅದು. ಇಲ್ಲೇ ಸುಲಿಯಿರಿ, ಇಲ್ಲಿಯವರಿಗೆ ಕೆಲಸ ಸಿಗಲಿ ಅನ್ನುವುದು ಅದರ ಉದ್ದೇಶ. ಮುಂದೆ ಎಲ್ಲ ಬೀಜವನ್ನೂ ಅಲ್ಲೇ ಸುಲಿಯಬೇಕು ಅನ್ನುವ ಗುರಿಯೂ ಇದೆ. ಈ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ನೆವಾಲದ ಹುಡುಗಿಯರಿಗೆ ಊರಲ್ಲೇ ಕೆಲಸ ಸಿಗಬೇಡವೇ? ಸಿಗಬೇಕು. ಹಾಗಾದ ದಿನ ನಮ್ಮ ಅರುವತ್ತು ಜನಕ್ಕೆ ನವೆಂಬರ್‌ನಲ್ಲಿ ಏನು ಕೊಡುವುದು? ಊರಿನ ಗುಡ್ಡದಲ್ಲಿ ಹಳೆಯ ಗೇರುಮರ ಕಡಿದು ರಬ್ಬರ್ ಹಾಕುವುದನ್ನು ನೋಡುವಾಗಲೆಲ್ಲ ಈಗ ಈ ಪ್ರಶ್ನೆ ಬರುತ್ತದೆ.

ದುಡ್ಡು ಕಳಿಸುವುದರಲ್ಲಿ ನನಗೊಂದು ಆಸೆ ಇತ್ತು. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ವಿದೇಶಿ ವ್ಯಾಪಾರಕ್ಕೆ ದಾರಿ ಮಾಡಿತು, 2023ರಲ್ಲಿ ತಾಂಜಾನಿಯಾದ ಜೊತೆಗೂ ಅದು ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ದೆಹಲಿಗೆ ಬಂದಾಗಲೂ ಈ ಮಾತು ಬಂತು. ಅಲ್ಲಿ ಡಾಲರಿನ ಅಭಾವ ಇದ್ದದ್ದರಿಂದ ಅವರಿಗೂ ಬೇಕಿತ್ತು. ಆದರೆ ನಮ್ಮ ವ್ಯಾಪಾರಿಯವರು ಹರಾಜಿಗೆ ಶಿಲ್ಲಿಂಗ್ ಹೊಂದಿಸಬೇಕು, ಹಡಗಿಗೆ ಡಾಲರ್ ಕೊಡಬೇಕು. ರೂಪಾಯಿ ತೆಗೆದುಕೊಂಡರೆ ಅದರಿಂದ ಭಾರತದ ಸರಕನ್ನೇ ಏನಾದರೂ ಕೊಳ್ಳಬೇಕು. ಔಷಧಿಯೋ ಆಟೋ ಬಿಡಿಭಾಗವೋ ತರಿಸುವವರಿಗೆ ಅದು ಸುಲಭ, ಗೇರು ಮಾತ್ರ ಮಾರುವವರಿಗೆ ಅಲ್ಲ. ಕೊನೆಗೆ ಡಾಲರಿನಲ್ಲೇ ಎಲ್‌ಸಿ, ಅಂದರೆ ದುಡ್ಡಿಗೆ ಬ್ಯಾಂಕ್ ಕೊಡುವ ಖಾತರಿ ಪತ್ರ, ತೆರೆದೆವು.

ಡಿಸೆಂಬರ್ ಮಳೆಗೆ ಮೊದಲು ತುಂಬಿಸಬೇಕು ಅಂತ ಅವಸರ. ಕಂಟೇನರಿನಲ್ಲಿ ಬೀಜ ಹಾಕುವಾಗ ಒಳಗೋಡೆಗೆ, ಚಾವಣಿಗೆ ದಪ್ಪ ಕ್ರಾಫ್ಟ್ ಕಾಗದ ಹೊದಿಸಬೇಕು. ತೇವ ಹೀರುವ ಚೀಲಗಳನ್ನು ತೂಗುಹಾಕಬೇಕು. ಸಮುದ್ರದಲ್ಲಿ ಹಗಲು ಕಬ್ಬಿಣ ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಬೀಜದಿಂದ ಹೊರಟ ಆವಿ ಚಾವಣಿಯಲ್ಲಿ ನೀರಾಗಿ ಮೇಲಿನ ಮೂಟೆಗಳ ಮೇಲೆ ತೊಟ್ಟಿಕ್ಕುತ್ತದೆ. ಎರಡು ಕಂಟೇನರ್ ತುಂಬುವ ತನಕ ನಾನು ಅಲ್ಲೇ ನಿಂತಿದ್ದೆ. ಮೂರನೆಯದು ಮರುದಿನ ಅಂದರು. ನನ್ನ ವಾಪಸ್ ಟಿಕೆಟ್ ಅದೇ ದಿನ. ಹೊರಟುಬಿಟ್ಟೆ.

ಕೊಲಂಬೊದಲ್ಲಿ ಹಡಗು ಬದಲಾಯಿಸಿ 27ನೇ ದಿನ ಪಣಂಬೂರಿನ ನವಮಂಗಳೂರು ಬಂದರಿಗೆ ಬಂತು. ಅಲ್ಲಿ ಹೊಸ ತೊಡಕು. ಹಿಂದುಳಿದ ದೇಶಗಳ ಸರಕಿಗೆ ಸುಂಕ ಬಿಡುವ ಯೋಜನೆಯನ್ನು ಭಾರತ 2008ರಲ್ಲಿ ತಂದಿದೆ. ಅದರಲ್ಲಿ ಗೇರುಬೀಜವೂ ಇದೆ, ತಾಂಜಾನಿಯಾವೂ ಇದೆ. ಐವರಿ ಕೋಸ್ಟ್, ಘಾನಾದ ಬೀಜಕ್ಕಾದರೆ ನೂರಕ್ಕೆ ಎರಡೂವರೆ ಸುಂಕ. ವಿನಾಯಿತಿ ಬೇಕಾದರೆ ಮೂಲದ ಪ್ರಮಾಣಪತ್ರ ಸರಿ ಇರಬೇಕು. 2020ರ ಸೆಪ್ಟೆಂಬರ್‌ನಿಂದ, ಸರಕು ಎಲ್ಲಿಯದು ಅನ್ನುವ ಮಾಹಿತಿಯನ್ನು ಆಮದು ಮಾಡುವವರೇ ಇಟ್ಟುಕೊಂಡಿರಬೇಕು ಅಂತಲೂ ನಿಯಮ ಬಂದಿದೆ. ನಮ್ಮ ಪ್ರಮಾಣಪತ್ರದಲ್ಲಿ ಒಟ್ಟು ತೂಕ ಒಂದು ಇತ್ತು, ಹಡಗಿನ ಬಿಲ್ಲಿನಲ್ಲಿ ಇನ್ನೊಂದು. ಒಂದರಲ್ಲಿ ಗೋಣಿಯ ತೂಕ ಸೇರಿಸಿದ್ದರು, ಇನ್ನೊಂದರಲ್ಲಿ ಬಿಟ್ಟಿದ್ದರು. ಕಾಗದ ತಯಾರಿಸಿದ ಏಜೆಂಟರ ಕಚೇರಿಯಲ್ಲಿ ಆದ ತಪ್ಪು. ತಿದ್ದಿದ ಪತ್ರ ಬರುವ ತನಕ ಒಂಬತ್ತು ದಿನ ಕಂಟೇನರ್ ನಿಂತಿತು. ನಾನು ದಿನಾ ಕ್ಲಿಯರಿಂಗ್ ಏಜೆಂಟರ ಜೊತೆ ಓಡಾಡಿದೆ. ಬಂದರಿನ ಬಾಡಿಗೆ, ಹಡಗಿನವರ ಬಾಡಿಗೆ ಎರಡೂ ಏರುತ್ತಿತ್ತು. ಹೊಸದಾಗಿ ತರಿಸುವವರಿಗೆ ನನ್ನದೊಂದೇ ಮಾತು. ಹಡಗು ಹೊರಡುವ ಮೊದಲೇ ಎಲ್ಲ ಕಾಗದಗಳ ಫೋಟೋ ತರಿಸಿ, ಒಂದೊಂದು ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮೂಡುಬಿದಿರೆ ದಾರಿಯಲ್ಲಿ ಲಾರಿಗಳು ಬಂದಾಗ ರಾತ್ರಿ ಹತ್ತು ಗಂಟೆ. ಎರಡು ಕಂಟೇನರಿನ ಬೀಜ ಕಳಿಸಿದ ಹಾಗೇ ಇತ್ತು. ಮೂರನೆಯದರ ಬಾಗಿಲು ತೆರೆದ ಕೂಡಲೇ ವಾಸನೆ ಬಂತು. ಚಾವಣಿಗೆ ಕಾಗದ ಹೊದಿಸಿರಲಿಲ್ಲ. ಮೇಲಿನ 31 ಮೂಟೆ ಒದ್ದೆಯಾಗಿ ಬಿಳಿ ಬೂಸ್ಟು ಹಿಡಿದಿತ್ತು. ನಾನು ನೋಡದೆ ಬಂದದ್ದು ಅದೊಂದೇ ಕಂಟೇನರ್. ಅಪ್ಪ ಬೈಯಲಿಲ್ಲ. ಹೆಂಗಸರು ಬೆಳಿಗ್ಗೆ ಬಂದು, ಯಾರೂ ಹೇಳದೆ ಆ ಮೂಟೆಗಳನ್ನು ಅಂಗಳದಲ್ಲಿ ಸುರಿದು ಬಿಸಿಲಿಗೆ ಹರಡಿದರು. ಅರ್ಧದಷ್ಟು ಉಳಿಯಿತು.

ಅಂಗಳದಲ್ಲಿ ಕೂತು ಅವರಿಗೆ ಫೋನಿನಲ್ಲಿದ್ದ ಬೀಬಿಯ ವಿಡಿಯೋ ತೋರಿಸಿದೆ. ಬೀಬಿ ಮನೆಗೆ ಬೇಕಾದ ಬೀಜವನ್ನು ತಗಡಿನ ಮೇಲೆ ಸುಟ್ಟು ಕಲ್ಲಿನಿಂದ ಒಡೆಯುತ್ತಾರೆ. ಬೆರಳೆಲ್ಲ ಕಪ್ಪು, ಚರ್ಮ ಸುಲಿದಿದೆ. ಗೇರು ಚಿಪ್ಪಿನ ಎಣ್ಣೆ ತಾಗಿದರೆ ಹಾಗೇ. ನಮ್ಮ ಕಟಿಂಗ್ ವಿಭಾಗದ ಅಕ್ಕ ವಿಡಿಯೋ ನಿಲ್ಲಿಸಿ ಆ ಕೈಯನ್ನೇ ನೋಡಿದರು. "ಅವರು ಕೈಗೆ ಹರಳೆಣ್ಣೆ ಹಚ್ಚುವುದಿಲ್ಲವಾ?" ಅಂತ ಕೇಳಿದರು. ನಾನು ಕೇಳಿರಲಿಲ್ಲ.

ಒಟ್ಟು ಔಟ್‌ಟರ್ನ್ 51 ಬಂತು, ಆ 31 ಮೂಟೆ ಬಿಟ್ಟು. ಅದರ ಪರಿಹಾರವನ್ನು ಫೋಟೋ, ತೂಕದ ಚೀಟಿ ಕಳಿಸಿದ ಮೇಲೆ ವ್ಯಾಪಾರಿಯವರು ತಕರಾರಿಲ್ಲದೆ ಕಳೆದುಕೊಟ್ಟರು. ಮುಂದಿನ ಹಂಗಾಮಿಗೂ ಅವರ ಜೊತೆಗೇ ಮಾತಾಗಿದೆ. ಈ ಸಲ ಕೊನೆಯ ಕಂಟೇನರಿನ ಬಾಗಿಲು ಮುಚ್ಚಿದ ಮೇಲೆ ಎರಡು ದಿನ ಬಿಟ್ಟು ವಾಪಸ್ ಟಿಕೆಟ್ ಮಾಡಿಸಿದ್ದೇನೆ. ಅಕ್ಕ ಕೊಟ್ಟ ಹರಳೆಣ್ಣೆಯ ಬಾಟಲಿ ಈಗಲೇ ಬ್ಯಾಗಿನಲ್ಲಿದೆ.